ಗಂಟೆ ತಾತನ ಕಿವಿ

ಆ ಶಾಲೆಯ ಗೇಟಿನಲ್ಲಿ ಕೂರುವ ಮುದುಕನಿಗೂ ಹೆತ್ತವರು ಇಟ್ಟ ಹೆಸರೊಂದಿತ್ತು. ಅದನ್ನು ಹಿಡಿದು ಕರೆಯುವವರು ಮಾತ್ರ ಯಾರೂ ಉಳಿದಿರಲಿಲ್ಲ. ಮಕ್ಕಳಿಗೂ, ಆ ಮಕ್ಕಳ ಅಪ್ಪಂದಿರಿಗೂ ಅವನು ಗಂಟೆ ತಾತ. ಮೀಸೆ ಚಿಗುರುವ ಮೊದಲೇ ಸುತ್ತಿಗೆ ಹಿಡಿದು ಕಂಚಿನ ಗಂಟೆಯ ಕೆಳಗೆ ನಿಂತವನು, ಮೀಸೆ ಬೆಳ್ಳಗಾದರೂ ಅಲ್ಲಿಂದ ಕದಲಿರಲಿಲ್ಲ. ಕಿವಿಯನ್ನು ಗಂಟೆಯ ಹತ್ತಿರಕ್ಕೆ ಒಡ್ಡಿಯೇ ಬಾರಿಸುತ್ತಿದ್ದ. "ಸದ್ದು ಮೊದ್ಲು ನನ್ನ ಕಿವಿಗೆ ಒಪ್ಪಿಗೆ ಆಗ್ಬೇಕು, ಆಮೇಲೆ ಊರಿಗೆ" ಎನ್ನುತ್ತಿದ್ದ. ಆ ಕಿವಿಯ ಬಗ್ಗೆ ಅವನಿಗೆ ಇನ್ನಿಲ್ಲದ ಜಂಬ. ಬರುತ್ತಿರುವುದು ಯಾವ ಮೇಷ್ಟ್ರು ಎಂದು ಹೆಜ್ಜೆಯ ಸಪ್ಪಳದಲ್ಲೇ ಹೇಳಿಬಿಡುತ್ತಿದ್ದ.

ಇತ್ತೀಚೆಗೆ ಮಾತ್ರ ಒಂದೆರಡು ವಿಚಿತ್ರಗಳು ನಡೆದಿದ್ದವು. ಗೇಟಿನ ಪಕ್ಕದ ಮರದಲ್ಲಿ ಗುಬ್ಬಿಗಳ ಚಿಲಿಪಿಲಿ ನಿಂತುಹೋಗಿತ್ತು. "ಊರು ಕೆಟ್ಟಿತು, ಹಕ್ಕಿಗಳೂ ಗಂಟುಮೂಟೆ ಕಟ್ಟಿದವು" ಎಂದು ನಿಟ್ಟುಸಿರಿಟ್ಟ. ಮನೆಯಲ್ಲಿ ತಲೆದಿಂಬಿನ ಹತ್ತಿರದ ಅಲಾರಂ ಮೂಕವಾಗಿತ್ತು. ಬ್ಯಾಟರಿ ಬದಲಿಸಿದ, ಕೊನೆಗೆ ಗಡಿಯಾರವನ್ನೇ ಬದಲಿಸಿದ. ಹೊಸದೂ ಮೂಕ. ಈಗಿನ ಮಾಲೇ ಇಷ್ಟು ಎಂದು ಅಂಗಡಿಯವನಿಗೆ ಬೈದ. ದಿನಾ ಬೆಳಿಗ್ಗೆ ಅದು ಕೀ ಕೀ ಎಂದು ಕಿರುಚಿದಾಗ ಹೆಂಡತಿ ಎದ್ದು ಗುಂಡಿ ಒತ್ತಿ, ಅವನ ಭುಜ ಅಲುಗಿಸುತ್ತಿದ್ದಳು. ಬಾಯಿ ಮಾತ್ರ ಬಿಡಲಿಲ್ಲ. ಕಿವಿ ಹೋಯಿತೆಂದರೆ ಗಂಟೆ ಹೋಗುತ್ತದೆ, ಗಂಟೆ ಹೋದರೆ ಈ ಮನುಷ್ಯನೇ ಉಳಿಯುವುದಿಲ್ಲ ಎಂಬುದು ಅವಳ ಅಂಜಿಕೆ.

ಆ ವರ್ಷ ಶಾಲೆಯಲ್ಲಿ ಹೊಸ ನಿಯಮ ಬಂತು. ಕ್ಯಾಲ್ಕುಲೇಟರ್, ಪಾಠ ಓದುವ ಟ್ಯಾಬ್ ಒಳಗೆ ಬರಬಹುದು. ಫೋನು, ಮಾತಾಡುವ ಕೈಗಡಿಯಾರ, ಕಿವಿಗೆ ಸಿಕ್ಕಿಸಿಕೊಳ್ಳುವ ಬೀಜದಂಥ ಇಯರ್‌ಫೋನುಗಳು ಗೇಟಿನಲ್ಲೇ ಉಳಿಯಬೇಕು. ಎರಡಕ್ಕೂ ಸೇರದ್ದು ಬಂದರೆ? ಹೆಡ್‌ಮೇಡಂ ತಾತನತ್ತ ತಿರುಗಿ, "ಬಾಗಿಲಲ್ಲಿ ಇರೋರು ನೀವು. ಯಾವುದು ಒಳಗೆ, ಯಾವುದು ಹೊರಗೆ ಅಂತ ನೀವೇ ನೋಡ್ಕೊಳ್ಳಿ" ಎಂದರು. ಮುದುಕನ ಎದೆ ಒಂದು ಗೇಣು ಉಬ್ಬಿತು. ಮರುದಿನವೇ ಒಬ್ಬ ದೊಡ್ಡ ಹುಡುಗನ ಊಟದ ಡಬ್ಬಿಯನ್ನು ಕೈಯಲ್ಲಿ ತೂಗಿ ನೋಡಿ, "ಏನಯ್ಯಾ, ನಿಮ್ಮಮ್ಮ ಇವತ್ತು ಕಬ್ಬಿಣ ಬೇಯ್ಸಿದ್ದಾರಾ?" ಎಂದು ಅನ್ನದ ಅಡಿಯಿಂದ ಫೋನು ಎತ್ತಿದ.

ಹೀಗಿರುವಾಗ ಒಬ್ಬ ತಾಯಿ, ಹೊಸದಾಗಿ ಸೇರಿದ ಮಗಳ ಕೈ ಹಿಡಿದು ಬಂದಳು. ಹುಡುಗಿಯ ತೋಳಿಗೆ ನಾಣ್ಯದಗಲದ ಬಿಳಿ ಬಿಲ್ಲೆ ಅಂಟಿಸಿತ್ತು.

"ಇವಳಿಗೆ ಸಕ್ಕರೆ ಕಾಯಿಲೆ, ಅಪ್ಪಾ. ರಕ್ತದಲ್ಲಿ ಸಕ್ಕರೆ ಇಳಿದ್ರೆ ಈ ಬಿಲ್ಲೆ ಫೋನಿಗೆ ಹೇಳುತ್ತೆ, ಫೋನು ಕೂಗುತ್ತೆ. ಇವಳಿಗೇ ಗೊತ್ತಾಗಲ್ಲ, ಮಾತಾಡ್ತಾ ಮಾತಾಡ್ತಾ ಬಿದ್ಬಿಡ್ತಾಳೆ. ತಕ್ಷಣ ಬಾಯಿಗೆ ಸಿಹಿ ಹಾಕ್ಲಿಲ್ಲ ಅಂದ್ರೆ..." ಫೋನನ್ನು ತಾತನತ್ತ ಚಾಚಿದಳು. "ಸಕ್ಕರೆ ಪುಡಿ ಚೀಲದಲ್ಲಿಟ್ಟಿದ್ದೀನಿ. ಈ ಫೋನೊಂದು ಅವಳ ಹತ್ರ ಇರ್ಲಿ."

ತಾತ ಫೋನನ್ನು ತಿರುಗಿಸಿ ನೋಡಿದ. ಇವಳಿಗೊಂದು ಬಿಟ್ಟರೆ ನಾಳೆ ಎಲ್ಲರ ತೋಳಲ್ಲೂ ಬಿಲ್ಲೆ ಮೂಡುತ್ತದೆ. ಬಾಗಿಲು ಕಾದವನಿಗೆ ಇದು ತಿಳಿಯದ ಆಟವೇ?

"ಬಿಲ್ಲೆ ಒಳಗೆ ಹೋಗ್ಲಿ, ತಾಯಿ. ಫೋನು ನನ್ನ ಹತ್ರ ಇರ್ಲಿ. ಇವಳ ಕ್ಲಾಸು ಗೇಟಿನ ಪಕ್ಕದ ನನ್ನ ಈ ಕೋಣೆ ಗೋಡೆ ಆಚೆಗೇ ಇದೆ. ಇದು ಕೂಗಿದ ಮರುಗಳಿಗೆ ನಾನಲ್ಲಿರ್ತೀನಿ."

"ಕೂಗೋದು ಸಣ್ಣ ದನಿ, ಅಪ್ಪಾ."

"ನನ್ನ ಕಿವಿಗೆ ಸಣ್ಣದು ದೊಡ್ಡದು ಅಂತ ಇಲ್ಲಮ್ಮ. ಇರುವೆ ಕೆಮ್ಮಿದ್ರೂ ಕೇಳುತ್ತೆ."

ಹುಡುಗಿ ತಲೆಯೆತ್ತಿ ಏನೋ ಅಂದಳು. ತಾತ ನಕ್ಕು, "ಹೂಂ ಪುಟ್ಟಿ, ಹೂಂ" ಎಂದು ತಲೆ ಸವರಿದ. ಅವಳ ಮಾತು ಅವನಿಗೆ ಕೇಳಿಸಿರಲಿಲ್ಲ. ಈಗಿನ ಮಕ್ಕಳು ಬಾಯೊಳಗೇ ಮಾತಾಡುತ್ತವೆ ಎಂದುಕೊಂಡ.

ಸಂಜೆ ಹೆಂಡತಿಗೆ ಇದನ್ನೆಲ್ಲ ಉಪ್ಪುಖಾರ ಹಚ್ಚಿ ಹೇಳಿದ. ಬಟ್ಟೆ ಮಡಿಸುತ್ತಿದ್ದವಳ ಕೈ ನಿಂತಿತು.

"ಆ ಫೋನು ಮಗುಗೇ ಕೊಟ್ಬಿಡಿ."

"ಯಾಕೆ?"

"ಸುಮ್ನೆ ಅಂದೆ."

"ಹೆಡ್‌ಮೇಡಮ್ಮೇ ನನ್ನ ನಂಬಿದ್ದಾರೆ, ನೀನೊಬ್ಬಳು ಅಡ್ಡ."

ಅವಳು ಮಡಿಸಿದ ಅಂಗಿಯನ್ನೇ ಬಿಚ್ಚಿ ಮತ್ತೆ ಮಡಿಸಿದಳು.

ಮೊದಲ ದಿನಗಳು ತಣ್ಣಗೆ ಕಳೆದವು. ತಾತ ಫೋನನ್ನು ಮೇಜಿನ ಡ್ರಾಯರಿನಲ್ಲಿಟ್ಟು, ಪಕ್ಕದ ಕುರ್ಚಿಯಲ್ಲಿ ಕಾವಲು ಕೂರುತ್ತಿದ್ದ. ಗಂಟೆ ಬಾರಿಸುವುದಕ್ಕೆ ಬಿಟ್ಟರೆ ನೀರು ಕುಡಿಯಲೂ ಏಳುತ್ತಿರಲಿಲ್ಲ. ನಿಷ್ಠೆಯಲ್ಲಿ ಕೂದಲೆಳೆಯಷ್ಟೂ ಕೊರತೆಯಿರಲಿಲ್ಲ.

ಆ ದಿನವೂ ಹಾಗೇ ಕುಳಿತಿದ್ದ. ಆಟದ ಪೀರಿಯಡ್ ಮುಗಿಸಿ ಪುಟ್ಟಿಯ ತರಗತಿ ಒಳಗೆ ಹೋಗಿತ್ತು. ಬಿಸಿಲು ಮೇಜಿನ ಮೇಲೆ ಚಾಚಿಕೊಂಡಿತ್ತು. ಎಲ್ಲವೂ ನಿಶ್ಶಬ್ದ. ಶಾಲೆಗೆ ಎಂಥ ಶಿಸ್ತು ತಂದಿದ್ದೇನೆ ಎಂದು ಅವನು ತನ್ನ ಬೆನ್ನು ತಾನೇ ತಟ್ಟಿಕೊಳ್ಳುತ್ತಿದ್ದ.

ಆಗ ಒಂದು ಗುಬ್ಬಿ ಬಂದು ಕಿಟಕಿಯ ಸರಳಿನ ಮೇಲೆ ಕುಳಿತಿತು. ಹೋದವರು ತಿರುಗಿ ಬಂದರಲ್ಲ ಎಂದು ಅವನಿಗೆ ಖುಷಿಯಾಯಿತು. ಗುಬ್ಬಿ ಕೊಕ್ಕು ತೆರೆಯಿತು, ಮುಚ್ಚಿತು. ಮತ್ತೆ ತೆರೆಯಿತು. ಗಂಟಲು ಉಬ್ಬಿ ಇಳಿಯಿತು, ಬಾಲ ಕುಣಿಯಿತು. ಕೈಯಳತೆಯ ದೂರದಲ್ಲಿ ಕುಳಿತು ಹಕ್ಕಿ ಬಾಯಿ ಬಡಿದುಕೊಳ್ಳುತ್ತಿತ್ತು, ಒಂದು ಎಳೆ ಸದ್ದಿಲ್ಲ.

ಹಕ್ಕಿಗಳು ಎಲ್ಲಿಗೂ ಹೋಗಿರಲಿಲ್ಲ. ಅಲಾರಂ ಕೂಡ ಮೂಕವಾಗಿರಲಿಲ್ಲ. ಸಣ್ಣ ದನಿಗಳಷ್ಟೇ ಅವನ ಕಿವಿಯಿಂದ ಜಾರಿಹೋಗಿದ್ದವು.

ನಿಧಾನವಾಗಿ ಕೈ ಚಾಚಿ ಅಂಗೈಯನ್ನು ಡ್ರಾಯರಿನ ಮೇಲೆ ಊರಿದ. ಮರ ನಡುಗುತ್ತಿತ್ತು.

ಅವನು ಓಡಿದ ಓಟಕ್ಕೆ ಕುರ್ಚಿ ಉರುಳಿತು. ತರಗತಿಯಲ್ಲಿ ಪಾಠ ನಡೆದೇ ಇತ್ತು. ಪುಟ್ಟಿ ಹಿಂದಿನ ಬೆಂಚಿನಲ್ಲಿ ಮುಖ ಒರಗಿಸಿ ಮಲಗಿದಂತಿದ್ದಳು. ಕತ್ತಿನಿಂದ ಬೆವರು ಇಳಿದು ಪುಸ್ತಕದ ಹಾಳೆ ಒದ್ದೆಯಾಗಿತ್ತು. "ಆಟ ಆಡಿ ದಣಿದು ಮಲಗಿದ್ದಾಳೆ ಅಂದ್ಕೊಂಡೆ" ಎಂದರು ಟೀಚರ್. ಆ ಮಾತೂ ತಾತನಿಗೆ ಕೇಳಿಸಲಿಲ್ಲ. ಅವಳ ಚೀಲದಲ್ಲಿದ್ದ ಸಕ್ಕರೆ ಪುಡಿಯನ್ನು ಒದ್ದೆ ಬೆರಳಿಗೆ ಹತ್ತಿಸಿ ಕೆನ್ನೆಯೊಳಗೆ ತಿಕ್ಕಿದ. ಮತ್ತೆ ತಿಕ್ಕಿದ. ಆಂಬುಲೆನ್ಸು ಬಂದಾಗಲೂ ಆ ಕಣ್ಣು ತೆರೆದಿರಲಿಲ್ಲ.

ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಳಂತೆ ಎಂಬ ಸುದ್ದಿ ಸಂಜೆ ಬಂತು. ಅಲ್ಲಿಯವರೆಗೆ ಅವನು ಗಂಟೆಯ ಕೆಳಗೆ ಕುಳಿತೇ ಇದ್ದ. ಶಾಲೆ ಬಿಡುವ ಗಂಟೆಯನ್ನು ಅಂದು ಬೇರೆಯವರು ಬಾರಿಸಿದರು. ಆಮೇಲೆ ಸುತ್ತಿಗೆಯನ್ನು ಅವನು ಮುಟ್ಟಲೇ ಇಲ್ಲ.

ಪುಟ್ಟಿ ಮತ್ತೆ ಶಾಲೆಗೆ ಬಂದಾಗ ಫೋನು ಅವಳ ಕೊರಳಲ್ಲಿ ದಾರಕ್ಕೆ ನೇತಾಡುತ್ತಿತ್ತು. ತಾತ ಎದ್ದು ಗೇಟನ್ನು ಅಗಲಕ್ಕೆ ತೆಗೆದ. ಅವಳು ಹೋಗಲಿಲ್ಲ, ಎದುರಿಗೇ ನಿಂತು ಏನೋ ಅಂದಳು. ಈ ಸಲ ಅವನು ತಲೆಯಾಡಿಸಲಿಲ್ಲ. ಮಂಡಿಯೂರಿ, ಕಿವಿಯನ್ನು ಅವಳ ಬಾಯಿಯ ಹತ್ತಿರಕ್ಕೆ ಒಡ್ಡಿದ.

"ಜೋರಾಗಿ ಹೇಳು, ಪುಟ್ಟಿ. ನಂಗೆ ಕೇಳಿಸಲ್ಲ."

"ಅವತ್ತು ನಾನು ಅದನ್ನೇ ಕೇಳಿದ್ದೆ, ತಾತ. ಇದು ಕೂಗಿದ್ರೆ ನಿಮಗೆ ಕೇಳಿಸುತ್ತಾ ಅಂತ. ನೀವು ಹೂಂ ಅಂದ್ರಿ."