ಅಗ್ಗದ ಪರದೆಯ ಬಿಳುಪು

ಕಾತ್ರಜದಲ್ಲಿ ಕಂಪ್ಯೂಟರ್ ಮಾನಿಟರ್ ಮಾರುತ್ತಿದ್ದ ಅವರು ಬೆಳಗಾವಿ ಕಡೆಯವರು. ಗಿರಾಕಿಗಳ ಜೊತೆ ಮರಾಠಿ, ನನ್ನ ಜೊತೆ ಕನ್ನಡ. ಹೊರದೇಶದಿಂದ ಬಂದ ಅಗ್ಗದ ಮಾನಿಟರನ್ನು ಅಂಗಿಯ ತುದಿಯಿಂದ ಒರೆಸಿ, ದುಬಾರಿಯದರ ಪಕ್ಕ ಇಟ್ಟು ತೋರಿಸುವರು.

"ಇದರಾಗ ಬೆಳ್ಳಗಿರೂದು ನೀಲಿ ಕಾಣ್ತದಲ್ರಿ," ಎಂದು ನಾನು ಗೊಣಗಿದ್ದೆ.

"ಎರಡ ದಿನ ನೋಡ್ರಿ. ಕಣ್ಣ ಹೊಂದ್ಕೋತಾವ."

ಎಲ್ಲರಿಗೂ ಅದೇ ಮಾತು. ಸುಳ್ಳೇನಲ್ಲ, ಎರಡು ದಿನಕ್ಕೆ ನನ್ನ ಕಣ್ಣೂ ಹೊಂದಿಕೊಂಡವು.

ತಮ್ಮ ಮೇಜಿನ ಮೇಲೂ ಅವರು ಅಂಥದ್ದನ್ನೇ ಇಟ್ಟುಕೊಂಡಿದ್ದರು. ಕಣ್ಣು ಕಾಣದ ತಾಯಿಯನ್ನು ನೋಡಿಕೊಳ್ಳಲು ಅವರ ಹೆಂಡತಿ, ನಾನು ವೈನಿ ಎಂದು ಕರೆಯುತ್ತಿದ್ದವರು, ತವರಿಗೆ ಹೋಗಿದ್ದರು. ದಿನಾ ಮಧ್ಯಾಹ್ನ ಅದೇ ಪರದೆಯ ಮೇಲೆ ವಿಡಿಯೊ ಕಾಲ್. "ಉಂಡಿಯೇನ?" ಎಂದು ಕೇಳುತ್ತ, ಆಕೆಯ ಮುಖದ ಮೇಲಿನ ಧೂಳನ್ನು ಅಂಗಿಯ ತುದಿಯಿಂದ ಒರೆಸುವರು.

ಆಕೆ ಕಾಮಾಲೆಯಾಗಿ ತೀರಿಕೊಂಡರು. ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಕೈಮೀರಿತ್ತಂತೆ.

ಆಮೇಲೊಮ್ಮೆ ಇನ್ನೊಂದು ಅಗ್ಗದ ಮಾನಿಟರ್ ಬೇಕೆಂದು ಹೋದೆ. ಅವರು ಕೊನೆಯ ಕಾಲ್‌ನಲ್ಲಿ ತೆಗೆದಿಟ್ಟಿದ್ದ ಹೆಂಡತಿಯ ಫೋಟೊವನ್ನು ಎರಡೂ ಮಾನಿಟರುಗಳಲ್ಲಿ ತೆರೆದರು. ಅಗ್ಗದ್ದರಲ್ಲಿ ಆಕೆ ನಗುತ್ತಿದ್ದರು, ಕಣ್ಣು ಬೆಳ್ಳಗಿದ್ದವು. ದುಬಾರಿಯದರಲ್ಲೂ ಅದೇ ನಗು. ಕಣ್ಣು ಮಾತ್ರ ಅರಿಶಿನ ಬಳಿದ ಹಾಗೆ ಹಳದಿ.

"ವೈನಿನ್ನ ದಿನಾ ನೋಡ್ತಿದ್ರಲ್ರಿ ಅಣ್ಣಾ, ಗೊತ್ತಾಗ್ಲಿಲ್ಲೇನ್ರಿ?" ಬಾಯಿ ತಡೆಯದೆ ಕೇಳಿಬಿಟ್ಟೆ.

ಅವರು ಅಗ್ಗದ ಪರದೆಯನ್ನು ಅಂಗಿಯ ತುದಿಯಿಂದ ಒರೆಸುತ್ತಲೇ ಇದ್ದರು.

"ಕಣ್ಣ ಹೊಂದ್ಕೊಂಡಿದ್ವರಿ," ಅಂದರು.