ಕತ್ತಿನ ಹಿಂದಿನ ಗೆರೆ

ನಮ್ಮ ಚಿಕ್ಕಪ್ಪನಿಗೆ ಕತ್ತರಿಗಿಂತ ಬಾಯಿ ಜೋರು. ಅಪ್ಪನೂ ಅವನೂ ಒಂದೇ ಅಂಗಡಿಯಲ್ಲಿ ಕ್ಷೌರ ಮಾಡುತ್ತಿದ್ದರು. ಕಟಿಂಗ್ ಮುಗಿದರೂ ಅವನ ಮಾತು ಮುಗಿಯದೆ ಗಿರಾಕಿಗಳು ಕುರ್ಚಿಯಲ್ಲೇ ಕೂತಿರುತ್ತಿದ್ದರು. ತಿಂಗಳಿಗೊಮ್ಮೆ ರಜೆಯ ದಿನ ಶಟರ್ ಅರ್ಧ ಎಳೆದುಕೊಂಡು ಅಣ್ಣತಮ್ಮಂದಿರು ಒಬ್ಬರಿಗೊಬ್ಬರು ಕಟಿಂಗ್ ಮಾಡಿಕೊಳ್ಳುತ್ತಿದ್ದರು. ಕತ್ತರಿ ಹಿಡಿದಾಗಿನಿಂದ ಇಬ್ಬರೂ ಬೇರೆಯವರಿಗೆ ತಲೆ ಕೊಟ್ಟವರಲ್ಲ.

ಅಂಥ ಚಿಕ್ಕಪ್ಪ ಪರದೇಶದ ಸಲೂನಿನಲ್ಲಿ ಕೆಲಸ ಸಿಕ್ಕಿತೆಂದು ಹೊರಟು ನಿಂತ. "ನೀನು ಒಂಟಿಯಾಗಿ ಇರೋ ಪ್ರಾಣಿ ಅಲ್ಲ. ಅಲ್ಲಿ ಜೊತೆಗೆ ಯಾರೂ ಇಲ್ಲ ಅಂತ ಗೊತ್ತಾದ ದಿನವೇ ವಾಪಸ್ ಕರೆಸ್ಕೋತೀನಿ," ಎಂದಿದ್ದ ಅಪ್ಪ.

ಸೋತು ಬಂದ ಎನ್ನಿಸಿಕೊಳ್ಳಲು ಚಿಕ್ಕಪ್ಪ ತಯಾರಿರಲಿಲ್ಲ. ಅದಕ್ಕೇ ಅಪ್ಪನಿಗೆ ಹೇಳಲು ಒಬ್ಬ ಸ್ನೇಹಿತನನ್ನು ಹುಟ್ಟಿಸಿಕೊಂಡ. ಪಕ್ಕದ ಕುರ್ಚಿಯ ಕ್ಷೌರಿಕನಂತೆ, ಮಹಾ ತಮಾಷೆಯವನಂತೆ, ಇವನಿಗೆ ಕಟಿಂಗ್ ಮಾಡುವವನೂ ಅವನೇ ಅಂತೆ. ಪಕ್ಕದ ಕುರ್ಚಿಯವನೇನೋ ನಿಜವಾಗಿ ಇದ್ದ. ಆದರೆ ಅವನ ಭಾಷೆ ಇವನಿಗೆ ಬಾರದು, ಇವನದು ಅವನಿಗೆ ಬಾರದು. ದಿನಕ್ಕೆ ಇಪ್ಪತ್ತು ತಲೆ ಮುಟ್ಟಿದರೂ ತುಟಿ ಬಿಚ್ಚುವಂತಿರಲಿಲ್ಲ.

ಆ ಊರಿಗೆಲ್ಲ ನಾಲ್ಕು ದಿನ ರಜೆ ಬಂತು. ಸಲೂನು ಮುಚ್ಚಿತು, ಜೊತೆಯವರು ತಮ್ಮ ತಮ್ಮ ಮನೆಗೆ ಹೋದರು. ಮೊದಲ ದಿನ ಚಿಕ್ಕಪ್ಪ ಬಟ್ಟೆ ಒಗೆದ. ಎರಡನೆಯ ದಿನ ಅದನ್ನು ಮಡಿಸಿಟ್ಟು ಬೀದಿಯ ಕೊನೆಯವರೆಗೆ ಹೋಗಿ ಬಂದ. ಅಂಗಡಿಗಳೆಲ್ಲ ಮುಚ್ಚಿದ್ದವು, ಕಿಟಕಿಗಳ ಒಳಗೆ ಜನ ಊಟಕ್ಕೆ ಕೂತಿದ್ದರು. ಮೂರನೆಯ ದಿನ ಹಲ್ಲುಜ್ಜುವಾಗ, ಎರಡು ದಿನದಿಂದ ತಾನು ಒಂದು ಮಾತೂ ಆಡಿಲ್ಲವೆಂದು ಹೊಳೆಯಿತಂತೆ. ಕನ್ನಡಿ ನೋಡಿ "ಏನಪ್ಪಾ" ಎಂದು ತನ್ನನ್ನೇ ಮಾತಾಡಿಸಿದ. ದನಿ ಒಡಕಲಾಗಿತ್ತು. ಅಳು ಬಂದುಬಿಟ್ಟಿತು.

ಮಧ್ಯಾಹ್ನ ಅಪ್ಪನ ವಿಡಿಯೋ ಕರೆ ಬರುವುದಿತ್ತು. ಕೂದಲು ಕಿವಿಯ ಮೇಲೆ ಇಳಿದಿತ್ತು. ಸ್ನೇಹಿತ ಎಲ್ಲಿ ಸತ್ತ ಎಂದು ಅಪ್ಪ ಕೇಳದೆ ಇರುವುದಿಲ್ಲ. ಬಚ್ಚಲ ಕನ್ನಡಿಗೆ ಬೆನ್ನು ಮಾಡಿ, ಎಡಗೈಯಲ್ಲಿ ಇನ್ನೊಂದು ಕನ್ನಡಿ ಹಿಡಿದು, ಚಿಕ್ಕಪ್ಪ ಕತ್ತರಿಯನ್ನು ಕತ್ತಿನ ಹಿಂದಕ್ಕೆ ಒಯ್ದ. ನುರಿತ ಕೈಯೇ, ಆದರೆ ನುರಿತದ್ದು ಬೇರೆಯವರ ಕತ್ತಿನ ಮೇಲೆ.

ಕರೆಯ ಹೊತ್ತಿಗೆ ನಾನು ಅಪ್ಪನ ಪಕ್ಕದಲ್ಲೇ ಕೂತಿದ್ದೆ.

"ಈಗ ತಾನೇ ನನ್ನ ಸ್ನೇಹಿತ ಕಟಿಂಗ್ ಮಾಡ್ದ, ನೋಡಣ್ಣ," ಎಂದು ಚಿಕ್ಕಪ್ಪ ನಕ್ಕ. "ಬೆಳಿಗ್ಗೆಯಿಂದ ರೂಮಲ್ಲಿ ಒಂದೇ ಗಲಾಟೆ."

"ತಿರುಗು," ಎಂದ ಅಪ್ಪ.

ಚಿಕ್ಕಪ್ಪ ತಡವರಿಸಿ ತಿರುಗಿದ. ಕತ್ತಿನ ಹಿಂದಿನ ಗೆರೆ ಒಂದು ಕಡೆ ಮೇಲಕ್ಕೆ, ಇನ್ನೊಂದು ಕಡೆ ಕೆಳಕ್ಕೆ ಓಡಿತ್ತು. ನಡುವೆ ಇಲಿ ಕಡಿದಂತೆ ಎರಡು ಗುಳಿ. ಹಿಂದೆ ನಿಂತು ಕತ್ತರಿಸುವವನು ಎಷ್ಟೇ ದಡ್ಡನಾದರೂ ಹಾಗೆ ಮಾಡಲಾರ. ಅದು ಅಪ್ಪನಿಗೂ ಗೊತ್ತು, ಚಿಕ್ಕಪ್ಪನಿಗೂ ಗೊತ್ತು. ಚಿಕ್ಕಪ್ಪ ಮತ್ತೆ ನಮ್ಮ ಕಡೆ ಮುಖ ತಿರುಗಿಸಲೇ ಇಲ್ಲ. ವಾಪಸ್ ಬಾ ಎನ್ನುವ ಮಾತಿಗೆ ಕಾಯುತ್ತಾ ಹಾಗೇ ಕೂತ.

ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡ.

"ಮುಂದೆಲ್ಲ ಚೆನ್ನಾಗೇ ಮಾಡಿದ್ದಾನೆ ಕಣೋ ನಿನ್ನ ಸ್ನೇಹಿತ. ಹಿಂದೆ ಮಾತ್ರ ಅವನಿಗೆ ಕಾಣಿಸಿಲ್ಲ. ನಾಳೆನೂ ರಜೆ ತಾನೆ? ಕತ್ತರಿ ಹಿಡ್ಕೊಂಡು ನಂಗೆ ಫೋನ್ ಮಾಡೋಕೆ ಹೇಳು ಅವನಿಗೆ. ಎಲ್ಲಿ ಕತ್ತರಿಸ್ಬೇಕು ಅಂತ ನಾನು ನೋಡ್ತಾ ಹೇಳ್ತೀನಿ."

ಚಿಕ್ಕಪ್ಪನ ಬೆನ್ನು ಅಲುಗುತ್ತಿತ್ತು.

"ಎಷ್ಟು ಹೊತ್ತಿಗೆ ಮಾಡು ಅಂತ ಹೇಳ್ಲಿ ಅಣ್ಣ ಅವನಿಗೆ?"

"ಯಾವಾಗ ಬೇಕಾದ್ರೂ ಮಾಡ್ಲಿ. ನಾನು ಶಟರ್ ಅರ್ಧ ಎಳ್ಕೊಂಡು ಕೂತಿರ್ತೀನಿ."