ಇನ್ನೊಂದ್ಸಲ ಡಾಕ್ಟ್ರು
ನಮ್ಮ ಹೃದಯ ವಿಭಾಗದ ಹಿರಿಯ ವೈದ್ಯರನ್ನು ನಾವು ನರ್ಸುಗಳೆಲ್ಲ ಬೆನ್ನ ಹಿಂದೆ ‘ಇನ್ನೊಂದ್ಸಲ ಡಾಕ್ಟ್ರು’ ಎಂದೇ ಕರೆಯುತ್ತೇವೆ. ನಿತ್ರಾಣಗೊಂಡ ಹೃದಯಕ್ಕೆ ಪೇಸ್‌ಮೇಕರಿನ ತಂತಿ ಕೂರಿಸುವಾಗ ಬೇರೆಯವರು ರೂಢಿಯ ಜಾಗದಲ್ಲಿ ಸಿಕ್ಕಿಸಿ ಊಟಕ್ಕೆ ಹೊರಟರೆ, ಇವರು ಮಾತ್ರ ಹೃದಯದೊಳಗೆ ಬಡಿತ ಎಬ್ಬಿಸುವ ಮಿಂಚು ಹುಟ್ಟಿನಿಂದಲೇ ಹರಿಯುವ ದಾರಿಯನ್ನು ಹುಡುಕುತ್ತ ಕೂರುತ್ತಾರೆ. ಕೂದಲೆಳೆಯಷ್ಟು ತಪ್ಪಿದರೂ ತಂತಿ ಹೊರಗೆ, “ಇನ್ನೊಂದ್ಸಲ ನೋಡೋಣಮ್ಮ.” ನಿಂತು ನಿಂತು ನಮ್ಮ ಕಾಲು ಸೋಲುತ್ತದೆ, ಅವರ ಕೈ ಸೋಲುವುದಿಲ್ಲ. “ನಿಮ್ಮ ಹೃದಯದ ಎರಡು ಪಕ್ಕ ಮುನಿಸ್ಕೊಂಡ ಗಂಡ ಹೆಂಡ್ತಿ ಥರ ಆಗಿವೆ ಅಜ್ಜಿ, ಒಬ್ರು ಎದ್ದಾಗ ಇನ್ನೊಬ್ರು ಮಲಗ್ತಾರೆ. ಇಬ್ರನ್ನೂ ಒಟ್ಟಿಗೆ ಎಬ್ಬಿಸ್ಬೇಕು,” ಎಂದು ಒಬ್ಬ ರೋಗಿಗೆ ವಿವರಿಸಿದ್ದರು. “ನಮ್ಮನೆಯವ್ರನ್ನ ಎಬ್ಬಿಸೋ ತಂತಿನೂ ಇದೆಯೇನಪ್ಪ?” ಎಂದು ಅಜ್ಜಿ ಕೇಳಿದ್ದಕ್ಕೆ ಡಾಕ್ಟ್ರು ವಾರವಿಡೀ ನಕ್ಕರು. ಒಮ್ಮೆ ಮೂರು ತಾಸು ಕಳೆದಾಗ ತಾಳಲಾರದೆ, “ಸಾಕು ಬಿಡಿ ಸರ್, ಹೃದಯ ಬಡ್ಕೊಳ್ತಿದೆಯಲ್ಲ,” ಎಂದು ಪಿಸುಗುಟ್ಟಿದೆ. ಎಕ್ಸ್‌ರೇ ಪರದೆಯಿಂದ ಕಣ್ಣು ಕೀಳದೆ, ಅಷ್ಟೇ ಮೆಲ್ಲಗೆ ಹೇಳಿದರು: “ನಮ್ಮಕ್ಕಂದೂ ಬಡ್ಕೊಳ್ತಿತ್ತಮ್ಮ. ಎಲ್ರೂ ಹಾಕೋ ಜಾಗದಲ್ಲೇ ನಾನೇ ತಂತಿ ಹಾಕಿದ್ದೆ. ಎರಡು ಪಕ್ಕ ಒಟ್ಟಿಗೆ ಬಡೀಲಿಲ್ಲ. ಆರು ವರ್ಷಕ್ಕೆ ಹೃದಯ ಸೋತೇ ಹೋಯ್ತು.” ನಾನು ತಂತಿಯನ್ನು ಒರೆಸಿ ಮತ್ತೆ ಅವರ ಕೈಗಿಟ್ಟೆ.